ಮನೇಲಿ ಹೇಳಿ ಬಂದಿದ್ದೀಯಾ?

ಬೆಂಗಳೂರಿನಲ್ಲಿ ಸೈಕಲ್ ಹೊಡೆಯುವವರಿಗೆ ಈ ಪ್ರಶ್ನೆ ಹೊಸದಲ್ಲ. "ಏನ್ ಗುರೂ, ಮನೇಲಿ ಹೇಳಿ ಬಂದಿದ್ದೀಯಾ?" ವಾರಕ್ಕೆ ಎರಡು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಕಾರಿನ ಕಿಟಕಿ ಇಳಿಸಿ ಕೇಳುವವರಿದ್ದಾರೆ. ಆಟೋದಿಂದ ಕತ್ತು ಹೊರಗೆ ಹಾಕಿ ಕೇಳುವವರಿದ್ದಾರೆ. ಉತ್ತರ ಕೊಡುವುದನ್ನು ಬಿಟ್ಟು ಎಷ್ಟೋ ವರ್ಷ ಆಯಿತು.

ಹೋದ ತಿಂಗಳು ಅದೇ ಪ್ರಶ್ನೆ ನನ್ನ ಬಾಯಿಂದಲೇ ಬಂತು.

ನಾನು ದಿನಾ ಬನಶಂಕರಿಯಿಂದ ಮಿನರ್ವಾ ಸರ್ಕಲ್ ಕಡೆಗೆ ಹೋಗುವವನು. ಸೌತ್ ಎಂಡ್ ಸರ್ಕಲ್ ದಾಟಿ ಸ್ವಲ್ಪ ಮುಂದೆ ಬಸ್ಸೊಂದು ನಿಂತಿತ್ತು. ನಮ್ಮ ಬಸ್ಸುಗಳು ನಿಲ್ಲುವ ರೀತಿ ಗೊತ್ತಲ್ಲ, ಫುಟ್‌ಪಾತಿಗೆ ಅಂಟಿಕೊಂಡು ನಿಲ್ಲುವುದಿಲ್ಲ. ಮಧ್ಯೆ ಒಂದೂವರೆ ಮೀಟರ್ ಸಂದು ಬಿಟ್ಟಿರುತ್ತವೆ. ಆ ಸಂದು ಕಂಡರೆ ಸೈಕಲ್‌ನವನಿಗೆ ಹಬ್ಬ. ಹಿಂದೆ ಮುಂದೆ ನೋಡದೆ ನುಗ್ಗಿದೆ. ಅದೇ ಹೊತ್ತಿಗೆ ಮುಂದಿನ ಬಾಗಿಲಿನಿಂದ ಒಬ್ಬ ಅಜ್ಜಿ ಕೆಳಗೆ ಕಾಲಿಟ್ಟರು.

ಎರಡೂ ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಜಾರಿ ಸೈಕಲ್ ಅಡ್ಡಡ್ಡ ತಿರುಗಿತು. ಅಜ್ಜಿಗೆ ಏನೂ ತಾಗಲಿಲ್ಲ. ಆದರೆ ಹ್ಯಾಂಡಲ್ ಹೋಗಿ ಅವರ ಕೈಚೀಲಕ್ಕೆ ಸಿಕ್ಕಿಕೊಂಡಿತು. ಸಬ್ಬಸಿಗೆ ಸೊಪ್ಪಿನ ಕಟ್ಟು, ನಾಲ್ಕೈದು ಬದನೆಕಾಯಿ ಎಲ್ಲ ರಸ್ತೆಪಾಲು. ಒಂದು ಬದನೆಕಾಯಿ ಉರುಳಿಕೊಂಡು ಬಸ್ಸಿನ ಅಡಿಗೆ ಹೋಯಿತು. ಬಸ್ಸು ಹೊರಟಾಗ ಅದು ಟಪ್ ಅಂತ ಒಡೆದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ನಾನು ಕೇಳಬೇಕಾದದ್ದು ಕ್ಷಮೆ. ಕೇಳಿದ್ದು, "ನೋಡ್ಕೊಂಡು ಇಳೀಬಾರ್ದಾ ಅಜ್ಜಿ? ಮನೇಲಿ ಹೇಳಿ ಬಂದಿದ್ದೀರಾ?"

ಅವರು ಬಗ್ಗಿ ಸೊಪ್ಪು ಆಯ್ದುಕೊಳ್ಳುತ್ತಲೇ ಹೇಳಿದರು. "ಹೂಂ ಕಣಪ್ಪ, ಹೇಳೇ ಬಂದಿದ್ದೀನಿ. ಬೇಗ ಬಾ ಅಂದ್ರು."

ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ.

ರಸ್ತೆ ವಿಷಯ ಬಂದಾಗಲೆಲ್ಲ ನಾವು ಒಂದು ಮಾತು ಹೇಳುತ್ತೇವೆ, "ಎಲ್ಲರಿಗೂ ಸಮಾನ ಜವಾಬ್ದಾರಿ ಇದೆ." ಕೇಳಲು ಚೆನ್ನಾಗಿದೆ. ಯಾರಿಗೂ ನೋವಾಗುವುದಿಲ್ಲ. ನಾನೂ ಹೇಳುತ್ತಿದ್ದೆ. ಈಗ ಅದು ಅರ್ಧ ಸುಳ್ಳು ಅನ್ನಿಸುತ್ತಿದೆ. ಜವಾಬ್ದಾರಿ ಎಲ್ಲರಿಗೂ ಇದೆ, ಸರಿ. ಸಮಾನ ಹೇಗಾಗುತ್ತದೆ?

ಆ ರಾತ್ರಿ ಸುಮ್ನೆ ಒಂದು ಲೆಕ್ಕ ಹಾಕಿದೆ. ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಚಲಿಸುವ ವಸ್ತುವಿನ ಶಕ್ತಿ ತೂಕದ ಜೊತೆ ಬೆಳೆಯುತ್ತದೆ, ವೇಗದ ವರ್ಗದ ಜೊತೆ ಬೆಳೆಯುತ್ತದೆ. ವೇಗ ಮೂರು ಪಟ್ಟಾದರೆ ಶಕ್ತಿ ಒಂಬತ್ತು ಪಟ್ಟು. ನಾನೂ ಸೈಕಲ್ಲೂ ಸೇರಿ 85 ಕಿಲೋ, ಗಂಟೆಗೆ 15 ಕಿ.ಮೀ. ವೇಗ ಅಂದುಕೊಳ್ಳಿ. 1,200 ಕಿಲೋದ ಕಾರು 45ರಲ್ಲಿ ಬಂದರೆ ಅದರ ಹೊಡೆತದ ಶಕ್ತಿ ನನ್ನದರ ಸುಮಾರು 125 ಪಟ್ಟು. ಇಷ್ಟು ಬಂದಾಗ ಖುಷಿಯಾಯಿತು, ನೋಡಿದ್ರಾ, ತಪ್ಪು ಕಾರಿನವರದ್ದೇ ಅಂತ. ಆಮೇಲೆ ಅಜ್ಜಿಯನ್ನು ಲೆಕ್ಕಕ್ಕೆ ತಂದೆ. 60 ಕಿಲೋ, ಗಂಟೆಗೆ 5 ಕಿ.ಮೀ. ನಡಿಗೆ. ಅವರ ಪಕ್ಕದಲ್ಲಿ ನಾನು ಹನ್ನೆರಡು ಪಟ್ಟಿಗಿಂತ ಜಾಸ್ತಿ.

ಅಂದರೆ ಕಾರಿನ ಎದುರು ನಾನು ಬಡಪಾಯಿ, ಅಜ್ಜಿಯ ಎದುರು ನಾನೇ ಲಾರಿ.

ಬ್ರಿಟನ್ನಿನವರು ಇದನ್ನು ತಮ್ಮ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್‌ನಲ್ಲೇ ಬರೆದಿಟ್ಟಿದ್ದಾರೆ. 2022ರ ಜನವರಿ 29ರಿಂದ ಜಾರಿಯಲ್ಲಿದೆ. ಯಾರಿಂದ ಹೆಚ್ಚು ಹಾನಿ ಆಗಬಹುದೋ ಅವರ ಮೇಲೆ ಹೆಚ್ಚು ಜವಾಬ್ದಾರಿ. ಲಾರಿ ಬಸ್ಸಿನವರ ಮೇಲೆ ಎಲ್ಲಕ್ಕಿಂತ ಜಾಸ್ತಿ, ಆಮೇಲೆ ಕಾರು, ಬೈಕು. ಸೈಕಲ್‌ನವರೂ ನಡೆಯುವವರ ಬಗ್ಗೆ ಎಚ್ಚರ ಇಟ್ಟುಕೊಳ್ಳಬೇಕು. ಹಾಗಂತ ನಡೆಯುವವರು ಕಣ್ಣು ಮುಚ್ಚಿಕೊಂಡು ನಡೆಯಬಹುದು ಅಂತಲೂ ಇಲ್ಲ. ನೆದರ್‌ಲ್ಯಾಂಡ್ಸ್ ಇನ್ನೂ ಮುಂದೆ ಹೋಗಿದೆ. ಅಲ್ಲಿ ಮೋಟಾರು ವಾಹನ 14 ವರ್ಷದೊಳಗಿನ ಮಗುವಿಗೆ ಡಿಕ್ಕಿ ಹೊಡೆದರೆ, ಮಗುವೇ ಅಡ್ಡ ಬಂದಿದ್ದರೂ ಪರಿಹಾರ ಸಾಮಾನ್ಯವಾಗಿ ಪೂರ್ತಿ ವಾಹನದ ಕಡೆಯಿಂದಲೇ.

"ಅದೆಲ್ಲ ಅಲ್ಲಿ, ನಮ್ಮಲ್ಲಿ ಎಲ್ಲಿ?" ಅನ್ನಬೇಡಿ. ನಮ್ಮ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ತೆಗೆದು ನೋಡಿ. 2019ರ ತಿದ್ದುಪಡಿಯಲ್ಲಿ ಬಂದದ್ದು. ವಾಹನದಿಂದ ಸಾವಾದರೆ 5 ಲಕ್ಷ, ತೀವ್ರ ಗಾಯವಾದರೆ ಎರಡೂವರೆ ಲಕ್ಷ ರೂಪಾಯಿ ಪರಿಹಾರ. ಯಾರ ತಪ್ಪು ಅಂತ ಸಾಬೀತು ಮಾಡಬೇಕಾಗಿಲ್ಲ. 2017ರ ಚಾಲನಾ ನಿಯಮಗಳಲ್ಲೂ ಇದೆ, ಪಾದಚಾರಿಗಳು, ಸೈಕಲ್‌ನವರು, ಮಕ್ಕಳು, ವಯಸ್ಸಾದವರ ಬಗ್ಗೆ ಚಾಲಕರು ವಿಶೇಷ ಎಚ್ಚರ ವಹಿಸಬೇಕು ಅಂತ. ಲೈಸೆನ್ಸ್ ತಗೊಳ್ಳುವಾಗ ನನಗಂತೂ ಇದನ್ನು ಯಾರೂ ಹೇಳಿಕೊಡಲಿಲ್ಲ. ಎಂಟು ಬರೆದು ತೋರಿಸು ಅಂದರು, ತೋರಿಸಿದೆ, ಕಾರ್ಡ್ ಬಂತು.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಮಂದಿ. ಅದರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು.

ಇನ್ನು ನಮ್ಮ ಸೈಕಲ್ ಬಳಗದ ವಿಷಯ. ಕೋಪ ಮಾಡಿಕೊಳ್ಳಬೇಡಿ. "ನಾವು ಹೊಗೆ ಬಿಡಲ್ಲ, ಸದ್ದು ಮಾಡಲ್ಲ" ಅನ್ನೋ ಹೆಮ್ಮೆ ನಮಗೆ ಸ್ವಲ್ಪ ಜಾಸ್ತಿಯೇ ಇದೆ. ಸದ್ದು ಮಾಡಲ್ಲ ಅನ್ನುವುದೇ ನಡೆಯುವವರಿಗೆ ತೊಂದರೆ! ಹಿಂದೆ ಏನು ಬರುತ್ತಿದೆ ಅಂತ ಅವರಿಗೆ ತಿಳಿಯುವುದೇ ಇಲ್ಲ. ಇಪ್ಪತ್ತೈದು ಸಾವಿರದ ಸೈಕಲ್ಲಿಗೆ ನೂರು ರೂಪಾಯಿಯ ಬೆಲ್ ಹಾಕಿದರೆ ಲುಕ್ ಹೋಗುತ್ತದೆ ಅನ್ನುವವರನ್ನು ಕಂಡಿದ್ದೇನೆ. ಒನ್‌ವೇಯಲ್ಲಿ ರಾಂಗ್ ಸೈಡ್ ಹೋಗುವುದು, ಕೆಂಪು ಸಿಗ್ನಲ್ ಇದ್ದರೂ ಮೆಲ್ಲಗೆ ಜಾರಿಕೊಳ್ಳುವುದು, ಫುಟ್‌ಪಾತಿನಲ್ಲಿ ಇಳಿದು ತಳ್ಳುವ ಬದಲು ತುಳಿದುಕೊಂಡೇ ಹೋಗುವುದು, ಎಲ್ಲವನ್ನೂ ನಾನೂ ಮಾಡಿದ್ದೇನೆ. ಪ್ರತಿ ಸಲವೂ ಮನಸ್ಸಿನಲ್ಲಿ ಒಂದೇ ಸಮಾಧಾನ. ಕಾರಿನವರು ಮಾಡಲ್ವಾ?

ಅಂದಹಾಗೆ, ರಾತ್ರಿ ಹನ್ನೊಂದಕ್ಕೆ ಕ್ಯಾರಿಯರಿಗೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವ ಹುಡುಗನನ್ನು ನಾವು ಸೈಕ್ಲಿಸ್ಟ್ ಅಂತ ಕರೆಯುವುದಿಲ್ಲ. ಹೆಲ್ಮೆಟ್ ಹಾಕಿದವರಿಗೆ ಮಾತ್ರ ಆ ಹೆಸರು. ಅವನ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಕೂಡ ಇರುವುದಿಲ್ಲ. ಅವನಿಗೆ ಬುದ್ಧಿ ಹೇಳುವ ಮೊದಲು ಒಂದು ರಿಫ್ಲೆಕ್ಟರ್ ಕೊಡಿಸಿದರೆ ಒಳ್ಳೆಯದು.

ಕಾರಿನವರಿಗೆ ನಾನು ಕೇಳುವುದು ಒಂದೇ ಒಂದು. ಬಾಗಿಲು. ಸ್ಟಿಯರಿಂಗ್ ಬಲಕ್ಕಿರುವ ನಮ್ಮ ಕಾರುಗಳಲ್ಲಿ ಬಲಗೈಯಿಂದ ತೆಗೆಯುವ ಬದಲು ಎಡಗೈ ಚಾಚಿ ತೆಗೆಯಿರಿ. ಮೈ ತಾನಾಗಿಯೇ ತಿರುಗುತ್ತದೆ, ಹಿಂದೆ ಬರುವವನು ಕಾಣುತ್ತಾನೆ. ಖರ್ಚಿಲ್ಲ, ಕಾನೂನು ಬೇಕಾಗಿಲ್ಲ. ನಾನು ಭಾನುವಾರ ಕಾರು ತೆಗೆದಾಗ ಹೀಗೇ ಮಾಡುತ್ತೇನೆ. ಮೊದಲ ಹದಿನೈದು ದಿನ ಹೆಂಡತಿ ನಕ್ಕಳು.

ನಡೆಯುವವರಿಗೆ ಬುದ್ಧಿ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಫೋನ್ ನೋಡುತ್ತಾ ದಾಟುವುದು ತಪ್ಪು, ಡಿವೈಡರ್ ಹಾರುವುದು ತಪ್ಪು. ಆದರೆ ಜೀಬ್ರಾ ಪಟ್ಟಿ ಅಳಿಸಿಹೋಗಿದೆ, ಇದ್ದ ಕಡೆ ಅದರ ಮೇಲೇ ವಾಹನ ನಿಂತಿರುತ್ತದೆ. ಮಂಡಿನೋವಿನವರಿಗೆ ಸ್ಕೈವಾಕ್ ಹತ್ತಿ ಅನ್ನುತ್ತೇವೆ. ಹಾಗಾಗಿ ನಮ್ಮ ಜನ ತಮ್ಮದೇ ಸಿಗ್ನಲ್ ಕಂಡುಕೊಂಡಿದ್ದಾರೆ. ಅಂಗೈ ಅಡ್ಡ ಹಿಡಿದು, ಬರುವ ವಾಹನದ ಕಡೆ ನೋಡದೆ, ದೇವರ ಮೇಲೆ ಭಾರ ಹಾಕಿ ರಸ್ತೆಗೆ ಇಳಿಯುವುದು. ಫುಟ್‌ಪಾತ್ ಬಳಸುವುದು ಜೀವಿಸುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯ ಮಾತು. ನಮ್ಮ ಬೀದಿಯ ಫುಟ್‌ಪಾತಿನಲ್ಲಿ ಸದ್ಯಕ್ಕೆ ಒಂದು ಟ್ರಾನ್ಸ್‌ಫಾರ್ಮರ್, ಮೂರು ಸ್ಕೂಟರ್, ಒಂದು ರಾಶಿ ಜಲ್ಲಿ ಇದೆ.

ಬೇರೆ ಬೇರೆ ದಾರಿ ಮಾಡಿಕೊಟ್ಟರೆ ಜಗಳವೇ ಇರಲ್ಲ ಅನ್ನುವವರೂ ಇದ್ದಾರೆ. ಒಪ್ಪುತ್ತೇನೆ. 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಬೊಲಾರ್ಡ್ ಅನ್ನುವ ಪ್ಲಾಸ್ಟಿಕ್ ಗೂಟ ನೆಟ್ಟು ಸೈಕಲ್ ಲೇನ್ ಮಾಡಿದ್ದರು. ಬೊಲಾರ್ಡ್‌ಗಳು ಮುರಿದವು, ಲೇನಿನೊಳಗೆ ಬೈಕುಗಳು ಬಂದವು, ಮೆಟ್ರೋ ಕೆಲಸ ಬಂತು. ಲೇನ್ ಮತ್ತೆ ಬರುವವರೆಗೆ ಇರುವ ರಸ್ತೆಯಲ್ಲೇ ಸಾಗಬೇಕು.

ಈಗ ನಿಂತ ಬಸ್ಸು ಕಂಡರೆ ಅದರ ಹಿಂದೆಯೇ ಕಾಲು ಊರಿ ನಿಲ್ಲುತ್ತೇನೆ. ಎಲ್ಲರೂ ಇಳಿದು ಮುಗಿಯಲಿ ಅಂತ ಕಾಯುತ್ತೇನೆ. ನನ್ನ ಹಿಂದಿನ ಸ್ಕೂಟರ್‌ನವರು ಹಾರ್ನ್ ಹೊಡೆಯುತ್ತಾರೆ, ಬೈಯುತ್ತಾರೆ, ನನ್ನ ಎಡಕ್ಕೆ ಸುತ್ತು ಹಾಕಿ ಅದೇ ಸಂದಿಗೆ ನುಗ್ಗುತ್ತಾರೆ. ಇದರಿಂದ ಎಷ್ಟು ತಡವಾಗುತ್ತದೆ ನೋಡೋಣ ಅಂತ ಒಂದು ವಾರ ಗಡಿಯಾರ ಹಿಡಿದು ಬರೆದಿಟ್ಟೆ. ಅತಿ ಹೆಚ್ಚು ತಡವಾದದ್ದು ಬುಧವಾರ. ಮೂರು ನಿಮಿಷ.