ಮರುಭೂಮಿಗೆ ಬಂಡೆ ಹತ್ತೋಕೆ ಹೋಗೋರೇ, ಮೊದಲು ನೀರು ತುಂಬ್ಕೊಳ್ಳಿ

ಮರುಭೂಮಿಗೆ ರಾಕ್ ಕ್ಲೈಂಬಿಂಗ್‌ಗೆ ಹೊರಡೋರು ಹಿಂದಿನ ದಿನ ಒಂದು ಫೋಟೋ ಹಾಕೇ ಹಾಕ್ತಾರೆ, ನೋಡಿರ್ತೀರ. ನೆಲದ ಮೇಲೆ ಹಗ್ಗ, ಸೊಂಟಕ್ಕೆ ಕಟ್ಟೋ ಹಾರ್ನೆಸ್, ಬಂಡೆ ಬಿರುಕಲ್ಲಿ ಸಿಕ್ಕಿಸಿ ಹಗ್ಗಕ್ಕೆ ಆಸರೆ ಮಾಡ್ಕೊಳ್ಳೋ ಬಣ್ಣಬಣ್ಣದ ಕ್ಯಾಮ್‌ಗಳು, ಕ್ಯಾರಬೈನರ್ ಅನ್ನೋ ಲೋಹದ ಕೊಂಡಿಗಳು ಎಲ್ಲಾ ಸಾಲಾಗಿ ಜೋಡಿಸಿ ಮೇಲಿಂದ ತೆಗೆದಿರೋದು. ಕಣ್ಣಿಗೇನೋ ಚೆಂದ. ಆದ್ರೆ ಅಂಥ ಫೋಟೋದಲ್ಲಿ ಒಂದೇ ಒಂದು ನೀರಿನ ಕ್ಯಾನ್ ನಾನಂತೂ ನೋಡಿಲ್ಲ. ನಾನು ಹೇಳೋದು ಇಷ್ಟೇ, ಮರುಭೂಮಿಗೆ ಪ್ಯಾಕ್ ಮಾಡುವಾಗ ಹತ್ತೋ ಸಾಮಾನು ಕೊನೆಗೆ ಬರ್ಲಿ. ಅದನ್ನ ಹೇಗೂ ಯಾರೂ ಮರೆಯಲ್ಲ, ಒಂದೆರಡು ಕ್ಯಾಮ್ ಕಮ್ಮಿ ಬಿದ್ರೂ ಪಕ್ಕದ ಟೆಂಟಿನವರ ಹತ್ರ ಇಸ್ಕೋಬಹುದು. ಎರಡು ಕ್ಯಾನ್ ನೀರು ಕೊಡಿ ಅಂತ ಕೇಳೋಕಾಗುತ್ತಾ?

ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ನ್ಯಾಷನಲ್ ಪಾರ್ಕ್‌ನವರು ಹೇಳೋ ಲೆಕ್ಕ ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್, ಅದೂ ಕನಿಷ್ಠ, ಬಿಸಿಲಲ್ಲಿ ನಡೆದು ಹತ್ತಿ ಇಳಿಯೋರಿಗೆ ಇನ್ನೂ ಜಾಸ್ತಿನೇ ಬೇಕು. ಪಾರ್ಕ್ ಒಳಗಡೆ ಹೆಚ್ಚಿನ ಕ್ಯಾಂಪ್‌ಗಳಲ್ಲಿ ನಲ್ಲಿನೇ ಇಲ್ಲ. ಈಗ ನೀವೇ ಲೆಕ್ಕ ಹಾಕಿ, ಇಬ್ಬರು ನಾಲ್ಕು ದಿನ ಇದ್ರೆ 32 ಲೀಟರ್, ಅಂದ್ರೆ 32 ಕೆಜಿ. ಟೆಂಟ್ 200 ಗ್ರಾಂ ಕಮ್ಮಿ ತೂಗುತ್ತೆ ಅಂತ ದುಪ್ಪಟ್ಟು ದುಡ್ಡು ಕೊಟ್ಟು ತಗೊಳ್ಳೋರನ್ನ ಕಂಡ್ರೆ ನಂಗೆ ನಗು ಬರೋದು ಇದಕ್ಕೇ, ಗಾಡಿ ಪಕ್ಕದಲ್ಲೇ ಮಲಗೋರಿಗೆ ಆ 200 ಗ್ರಾಂ ಏನು ಲೆಕ್ಕ! ಇನ್ನೊಂದು, ದೊಡ್ಡ ಒಂದೇ ಕ್ಯಾನ್‌ಗಿಂತ ಚಿಕ್ಕಚಿಕ್ಕ ನಾಲ್ಕೈದು ವಾಸಿ, ಒಂದು ಸೋರಿದ್ರೂ ಮಿಕ್ಕಿದ್ದು ಉಳಿಯುತ್ತೆ. ಬರೀ ನೀರು ಕುಡಿತಾ ಇದ್ರೂ ಆಗಲ್ಲ, ಬೆವರಲ್ಲಿ ಹೋದ ಉಪ್ಪು ವಾಪಸ್ ಬರ್ದೆ ನೀರೇ ಹೊಟ್ಟೆಗೆ ಸುರೀತಿದ್ರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಸುತ್ತು, ವಾಂತಿ ಶುರುವಾಗುತ್ತೆ, ಅದಕ್ಕೆ ಓಆರ್‌ಎಸ್ ಪ್ಯಾಕೆಟ್ ಇಟ್ಕೊಳ್ಳಿ, ಜೊತೆಗೆ ಉಪ್ಪಿರೋ ತಿಂಡಿ. ಬೇಯಿಸಿ ನೀರು ಬಸಿದು ಚೆಲ್ಲೋ ಅಡುಗೆ ಅಲ್ಲಿ ಬೇಡವೇ ಬೇಡ.

ಆಮೇಲೆ ಚಳಿ. ಮರುಭೂಮಿ ಅಂದ್ರೆ ಸೆಕೆ ಅಂದ್ಕೊಂಡು ತೆಳು ಹೊದಿಕೆ ತಗೊಂಡು ಹೋಗೋರು ಈಗಲೂ ಇದಾರೆ. ಗಾಳಿಯಲ್ಲಿ ತೇವ ಇಲ್ಲ, ಮೇಲೆ ಮೋಡ ಇಲ್ಲ, ನೆಲ ಹಗಲೆಲ್ಲಾ ಹೀರಿದ ಬಿಸಿನ ತಡೆಯೋರೇ ಇಲ್ದೆ ಆಕಾಶಕ್ಕೆ ಬಿಟ್ಟುಬಿಡುತ್ತೆ. ಅದೂ ಅಲ್ದೆ ನಾವು ಹೋಗೋ ಸೀಸನ್ನೇ ಚಳಿದು, ಬಂಡೆ ತಣ್ಣಗಿದ್ರೆ ಬೆರಳು ಬೆವರಲ್ಲ, ಶೂ ರಬ್ಬರ್ ಚೆನ್ನಾಗಿ ಕಚ್ಚಿ ಹಿಡಿಯುತ್ತೆ, ಹಂಗಾಗಿ ಒಳ್ಳೆ ಹಿಡಿತ ಬೇಕು ಅಂದ್ರೆ ರಾತ್ರಿ ನಡುಗೋಕೂ ರೆಡಿ ಇರ್ಬೇಕು. ಸೊನ್ನೆ ಡಿಗ್ರಿಗೂ ತಡೆಯೋ ಸ್ಲೀಪಿಂಗ್ ಬ್ಯಾಗ್, ಕೆಳಗೆ ಒಳ್ಳೆ ಮ್ಯಾಟ್, ಉಣ್ಣೆ ಟೋಪಿ, ಇಷ್ಟಂತೂ ಬೇಕೇ ಬೇಕು. ಒಲೆ ಗ್ಯಾಸ್ ಕ್ಯಾನ್ ಮೇಲೆ ಏನು ಬರ್ದಿದೆ ಓದಿ ತಗೊಳ್ಳಿ. ಬ್ಯೂಟೇನ್ ಮೈನಸ್ 0.5 ಡಿಗ್ರಿಗಿಂತ ಕೆಳಗೆ ಆವಿನೇ ಆಗಲ್ಲ, ಬೆಳಿಗ್ಗೆ ಕಾಫಿ ಇಲ್ದೆ ಕೂರ್ಬೇಕಾಗುತ್ತೆ. ಐಸೋಬ್ಯೂಟೇನ್ ಪ್ರೊಪೇನ್ ಮಿಕ್ಸ್ ಇರೋದು ತಗೊಳ್ಳಿ, ರಾತ್ರಿ ಕ್ಯಾನ್‌ನ ಸ್ಲೀಪಿಂಗ್ ಬ್ಯಾಗ್ ಒಳಗೇ ಹಾಕ್ಕೊಂಡು ಮಲಗಿ.

ಮರಳಿನ ಕಾಟ ಬೇರೆ. ಹಗ್ಗದ ಕೆಳಗೆ ಹಾಸೋಕೆ ಒಂದು ಟಾರ್ಪಾಲ್ ಇರ್ಲಿ, ಮರಳು ಹಗ್ಗದ ಒಳಗೆ ಹೊಕ್ರೆ ನೂಲನ್ನ ಒಳಗಿಂದಲೇ ಸವೆಸುತ್ತೆ. ಮಾಮೂಲಿ ಟೆಂಟ್ ಗೂಟ ಮರಳಲ್ಲಿ ನಿಲ್ಲಲ್ಲ, ಖಾಲಿ ಚೀಲ ತಗೊಂಡು ಹೋಗಿ, ಮರಳು ತುಂಬಿ ಹೂತು ಅದಕ್ಕೇ ಹಗ್ಗ ಕಟ್ಟಿ. ಒಣಗಿದ ಹಳ್ಳದಲ್ಲಿ ನೆಲ ಸಮ ಇದೆ ಅಂತ ಟೆಂಟ್ ಹಾಕ್ಬೇಡಿ, ಎಲ್ಲೋ ದೂರದಲ್ಲಿ ಮಳೆ ಬಿದ್ರೂ ಇಲ್ಲಿ ದಿಢೀರ್ ಪ್ರವಾಹ ಬರುತ್ತೆ. ಚೋಲ್ಯಾ ಕಳ್ಳಿ ಇರೋ ಕಡೆ ಹೋಗ್ತಿದ್ರೆ ಒಂದು ಬಾಚಣಿಗೆ, ಒಂದು ಚಿಮುಟ ಜೇಬಲ್ಲಿರ್ಲಿ. ಅದರ ತುಂಡು ಕಾಲಿಗೆ ಅಂಟ್ಕೊಂಡ್ರೆ ಕೈಯಲ್ಲಿ ಕೀಳೋಕೆ ಹೋಗಿ ಕೈಗೂ ಅಂಟಿಸ್ಕೊಳ್ತೀರ, ಬಾಚಣಿಗೆ ತೂರಿಸಿ ಎತ್ತಿ ಎಸೆದ್ರೆ ಆಯ್ತು.

ಇನ್ನು ಯಾರೂ ಬಾಯಿ ಬಿಟ್ಟು ಹೇಳ್ದೇ ಇರೋದು, ಕಕ್ಕಸು. ಒಣ ಮಣ್ಣಲ್ಲಿ ಕೊಳೆಸೋ ಸೂಕ್ಷ್ಮಜೀವಿಗಳೇ ಕಮ್ಮಿ, ನೀವು ಹೂತಿದ್ದು ಬಹಳ ಕಾಲ ಹಂಗೇ ಇರುತ್ತೆ. ಜೆಲ್ ಪುಡಿ ಇರೋ ಮಲದ ಚೀಲ ಸಿಗುತ್ತೆ, ತುಂಬಿಸ್ಕೊಂಡು ಗಾಡಿಯಲ್ಲಿ ವಾಪಸ್ ತನ್ನಿ. ಛೀ ಅನ್ನೋರು ದಯವಿಟ್ಟು ಬೇರೆ ಕಡೆ ಟ್ರಿಪ್ ಹಾಕ್ಕೊಳ್ಳಿ. ಹಂಗೇ ಅಮೆರಿಕದ ಯೂಟಾ ರಾಜ್ಯದ ಕಡೆ ನೆಲದ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಕಾಣೋ ಮಣ್ಣಿನ ಪದರ ಜೀವ ಇರೋದು, ಒಂದು ಹೆಜ್ಜೆ ಇಟ್ರೆ ಸರಿಹೋಗೋಕೆ ದಶಕಗಳೇ ಬೇಕು, ಚೀಲ ಹಿಡ್ಕೊಂಡು ಓಡುವಾಗ್ಲೂ ಕಾಲುದಾರಿ ಬಿಡ್ಬೇಡಿ.

ಹತ್ತೋ ಸಾಮಾನಿನ ಬಗ್ಗೆ ಎರಡೇ ಮಾತು. ಯೂಟಾದ ಇಂಡಿಯನ್ ಕ್ರೀಕ್‌ಗೆ ಹೋದ್ರೆ ಅಲ್ಲಿನ ಬಿರುಕುಗಳು ಕೆಳಗಿಂದ ಮೇಲಿನವರೆಗೂ ಹೆಚ್ಚುಕಮ್ಮಿ ಒಂದೇ ಅಗಲ, ಹಂಗಾಗಿ ಒಂದೇ ಸೈಜಿನ ಕ್ಯಾಮ್ ಐದಾರು ಬೇಕಾಗುತ್ತೆ, ಗುಂಪಲ್ಲಿ ಎಲ್ಲರದ್ದೂ ಸೇರಿಸಿ ಬಳಸೋದು ಅಲ್ಲಿ ಮಾಮೂಲಿ. ಕೈಗೆ ಸುತ್ತೋಕೆ ಟೇಪ್ ಧಾರಾಳವಾಗಿ ತಗೊಳ್ಳಿ.

ಮತ್ತೆ ಮಳೆ ಬಂದ್ರೆ ಏನು ಮಾಡ್ತೀರ ಅನ್ನೋದನ್ನ ಮನೆಯಲ್ಲೇ ಯೋಚಿಸಿ ಹೊರಡಿ. ಇಂಡಿಯನ್ ಕ್ರೀಕ್‌ದು ಮರಳುಗಲ್ಲು, ನೆನೆದ್ರೆ ಕಣಗಳನ್ನ ಹಿಡಿದಿರೋ ಅಂಟು ಸಡಿಲ ಆಗಿ ಹಿಡಿದ ಕಲ್ಲೇ ಕೈಗೆ ಕಿತ್ತು ಬರುತ್ತೆ, ಹಾಕಿದ ಕ್ಯಾಮ್ ಕೂಡ. ಮೇಲ್ಮೈ ಒಣಗಿದಂಗೆ ಕಂಡ್ರೂ ಒಳಗೆ ತೇವ ಇರುತ್ತೆ, ಒಂದರಿಂದ ಮೂರು ದಿನ ಮುಟ್ಟಬಾರ್ದು. ರಜಾ ಹಾಕಿ ಅಷ್ಟು ದೂರ ಬಂದಿದೀವಿ ಅಂತ ಹತ್ತೋರು ತಮ್ಮ ಜೀವಕ್ಕೂ ಕುತ್ತು ತಂದ್ಕೊಳ್ತಾರೆ, ಆ ದಾರಿನೂ ಮುಂದೆ ಬರೋರಿಗೆ ಇಲ್ಲದಂಗೆ ಮಾಡ್ತಾರೆ. ಒಂದೆರಡು ದಿನಕ್ಕೆ ಹೆಚ್ಚುವರಿ ಊಟ ಇಟ್ಕೊಳ್ಳಿ, ಸುತ್ತಮುತ್ತ ನಡೆದಾಡೋ ಜಾಗಗಳ ಮ್ಯಾಪ್ ಫೋನಲ್ಲಿ ಮೊದಲೇ ಇಳಿಸ್ಕೊಳ್ಳಿ, ಅಲ್ಲಿ ನೆಟ್‌ವರ್ಕ್ ಸಿಗುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ.