ಬೇಯೋನ್‌ನ ವೆಪ್ನರ್, ಮೈಸೂರಿನ ಜೆಟ್ಟಿ

ಅಮೆರಿಕದಲ್ಲಿ ನಾನಿರುವ ಜರ್ಸಿ ಸಿಟಿಗೆ ಅಂಟಿಕೊಂಡೇ ಬೇಯೋನ್ ಅನ್ನೋ ಊರಿದೆ. ಅಲ್ಲಿನ ಪಾರ್ಕಿನಲ್ಲಿ 2022ರಲ್ಲಿ ಚಕ್ ವೆಪ್ನರ್ ಎಂಬ ಬಾಕ್ಸರ್‌ನ ಪ್ರತಿಮೆ ನಿಲ್ಲಿಸಿದರು. ಈತ ವಿಶ್ವ ಚಾಂಪಿಯನ್ ಆದವನಲ್ಲ. ಗೆದ್ದದ್ದು 35, ಸೋತದ್ದು 14, ಡ್ರಾ 2.

ಇಂಥವರನ್ನು ಇಲ್ಲಿ ಜರ್ನಿಮನ್ ಅನ್ನುತ್ತಾರೆ. ಕರೆದ ಕಡೆ ಹೋಗಬೇಕು, ಮೇಲೇರುತ್ತಿರುವ ಹುಡುಗರಿಗೆ ಎದುರಾಳಿಯಾಗಬೇಕು, ಏಟು ತಿಂದು ದುಡ್ಡು ತಗೊಂಡು ಬರಬೇಕು. ವೆಪ್ನರ್ ಹಗಲು ಹೊತ್ತು ಮದ್ಯ ಮಾರುವ ಸೇಲ್ಸ್‌ಮನ್. 1969ರಲ್ಲಿ ಆಗಿನ್ನೂ ಹೊಸಬನಾಗಿದ್ದ ಜಾರ್ಜ್ ಫೋರ್ಮನ್ ಇವನನ್ನು ಮೂರೇ ರೌಂಡಿಗೆ ಮುಗಿಸಿದ. ಮರುವರ್ಷ ಇದೇ ಜರ್ಸಿ ಸಿಟಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಸನ್ನಿ ಲಿಸ್ಟನ್ ಕೈಗೆ ಸಿಕ್ಕ. ಮುಖಕ್ಕೆ ಎಪ್ಪತ್ತಕ್ಕೂ ಜಾಸ್ತಿ ಹೊಲಿಗೆ ಬಿದ್ದವಂತೆ. ನೀನು ಕಂಡವರಲ್ಲೆಲ್ಲ ದೊಡ್ಡ ಎದೆಗಾರ ಇವನೇನಾ ಅಂತ ಕೇಳಿದ್ದಕ್ಕೆ ಲಿಸ್ಟನ್, ಅಲ್ಲ, ಇವನ ಮ್ಯಾನೇಜರ್ ಅಂದನಂತೆ! ಜನ ಇಟ್ಟ ಅಡ್ಡಹೆಸರು 'ಬೇಯೋನ್ ಬ್ಲೀಡರ್'. ರಕ್ತ ಸುರಿಸೋದೇ ಅವನ ಗುರುತು.

ಇದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ನಾನು ಮೈಸೂರಿನವನು. ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ತಲೆ ಬೋಳಿಸಿಕೊಂಡ ಜೆಟ್ಟಿಗಳು ಕೈಗೆ ಮುಳ್ಳಿನ ಆಯುಧ ತೊಟ್ಟು ಎದುರಾಗುತ್ತಾರೆ. ನೋಡಲು ಬಾಕ್ಸಿಂಗಿಗಿಂತ ಭಯಂಕರ. ಆದರೆ ಒಬ್ಬರ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಅಲ್ಲಿಗೆ ಮುಗಿಯಿತು. ಎಷ್ಟೋ ಸಲ ಒಂದು ನಿಮಿಷವೂ ಆಗಿರುವುದಿಲ್ಲ. ನಮ್ಮಲ್ಲಿ ಆಟ ನಿಲ್ಲುವ ಜಾಗದಲ್ಲಿ ವೆಪ್ನರ್‌ನ ಕೆಲಸ ಶುರುವಾಗುತ್ತಿತ್ತು. ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಅದು ಅರಮನೆಯ ವಿಧಿ, ಇದು ಟಿಕೆಟ್ ಮಾರುವ ವ್ಯಾಪಾರ.

ಆ ವ್ಯಾಪಾರದ ಲೆಕ್ಕ ನೋಡಿ. ಫೋರ್ಮನ್‌ನನ್ನು ಮಣಿಸಿ ಪಟ್ಟ ವಾಪಸ್ ಪಡೆದ ಮಹಮ್ಮದ್ ಅಲಿಗೆ ಒಬ್ಬ ಸುಲಭದ ಎದುರಾಳಿ ಬೇಕಿತ್ತು. ಪ್ರೊಮೋಟರ್ ಡಾನ್ ಕಿಂಗ್ ವೆಪ್ನರ್‌ನನ್ನು ಹಿಡಿದ. ಅಲಿಗೆ 15 ಲಕ್ಷ ಡಾಲರ್, ಇವನಿಗೆ ಒಂದು ಲಕ್ಷ. 1975ರ ಮಾರ್ಚ್ 24, ಒಹಾಯೋದ ರಿಚ್‌ಫೀಲ್ಡ್. ಒಂಬತ್ತನೇ ರೌಂಡಿನಲ್ಲಿ ಅಲಿ ನೆಲಕ್ಕೆ ಬಿದ್ದ! ಕಾಲು ತುಳಿದು ಬೀಳಿಸಿದ ಅಂತ ಅಲಿ ದೂರಿದ. ಎದ್ದ ಮೇಲೆ ಸುಮ್ನೆ ಬಿಡ್ತಾನಾ? ಮುಂದಿನ ರೌಂಡುಗಳಲ್ಲಿ ವೆಪ್ನರ್‌ನ ಮುಖ ಜಜ್ಜಿಹೋಯಿತು. ಹದಿನೈದನೇ ರೌಂಡ್ ಮುಗಿಯಲು 19 ಸೆಕೆಂಡ್ ಇರುವಾಗ ರೆಫರಿ ನಿಲ್ಲಿಸಿದರು. ಆ ಪಂದ್ಯದಿಂದ ನಟ ಸಿಲ್ವೆಸ್ಟರ್ ಸ್ಟಲೋನ್‌ಗೆ 'ರಾಕಿ' ಸಿನಿಮಾದ ಕತೆ ಹೊಳೆಯಿತು. ವೆಪ್ನರ್‌ಗೆ ಅದರಿಂದ ದುಡ್ಡು ಬರಲಿಲ್ಲ. 2003ರಲ್ಲಿ ಸ್ಟಲೋನ್ ಮೇಲೆ ಕೇಸು ಹಾಕಿದ, 2006ರಲ್ಲಿ ರಾಜಿಯಾಯಿತು.

ಒಂದು ವಿಷಯದಲ್ಲಿ ಬೇಯೋನ್‌ನವರು ನಮಗಿಂತ ದೊಡ್ಡವರು. ಸೋತವನಿಗೂ ಪ್ರತಿಮೆ ಕಟ್ಟಿದರು, ಅದೂ ಅವನು ಬದುಕಿರುವಾಗಲೇ. ದಸರಾ ಕುಸ್ತಿಯಲ್ಲಿ ವರ್ಷಗಟ್ಟಲೆ ಸೋತೂ ಅಖಾಡಕ್ಕೆ ಬರುತ್ತಿದ್ದ ಪೈಲ್ವಾನರ ಹೆಸರು ನಮ್ಮಲ್ಲಿ ಯಾರಿಗೆ ನೆನಪಿದೆ? ಗೆದ್ದವನ ಗದೆಯ ಫೋಟೋ ಮಾತ್ರ ಉಳಿಯುತ್ತದೆ, ಅಲ್ವಾ?

ಇಲ್ಲಿ ವೆಪ್ನರ್ ವಿಷಯ ಬಂದರೆ ಆ 19 ಸೆಕೆಂಡಿಗೆ ಕೊರಗುವವರಿದ್ದಾರೆ. ಪೂರ್ತಿ ಹದಿನೈದು ರೌಂಡ್ ನಿಲ್ಲಲು ಬಿಡಬೇಕಿತ್ತಂತೆ. ನನ್ನನ್ನು ಕೇಳಿದರೆ, ರೆಫರಿ ಎರಡು ಮೂರು ರೌಂಡ್ ಮೊದಲೇ ಕೈ ಎತ್ತಬೇಕಿತ್ತು.