ವೇದಾವತಿಗೆ ಹಿಮ ಕರಗಿದ ನೀರು ಬರುವುದಿಲ್ಲ

ನಿನ್ನೆ ಸಂಜೆ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದುತ್ತಿದ್ದೆ. "ನಿಮ್ಮ ಊರಿನ ನದಿಗೆ ನೀರು ಎಲ್ಲಿಂದ ಬರುತ್ತದೆ?" ಎಂದು ಕೇಳಿದ್ದೆ. ಏಳನೇ ತರಗತಿಯ ಚೆನ್ನಾಗಿ ಓದುವ ಹುಡುಗಿಯೊಬ್ಬಳು ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದಾಳೆ: "ಎತ್ತರದ ಪರ್ವತಗಳ ಮೇಲಿನ ಹಿಮ ಕರಗಿ ನದಿಗೆ ನೀರು ಬರುತ್ತದೆ." ಅವಳ ಮನೆ ಇರುವುದು ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ವಾಣಿ ವಿಲಾಸ ಸಾಗರ ಜಲಾಶಯದ ಕಾಲುವೆಯ ಪಕ್ಕದಲ್ಲಿ. ಅವಳ ಅಪ್ಪ ಅಡಿಕೆ, ತೆಂಗು ಬೆಳೆಯುವುದು ಅದೇ ಕಾಲುವೆಯ ನೀರಿನಿಂದ.

ಬೆಳಿಗ್ಗೆ ಕರೆದು ಕೇಳಿದೆ. "ವೀಡಿಯೊದಲ್ಲಿ ಹಾಗೆಯೇ ತೋರಿಸಿದರಲ್ಲ, ಮಿಸ್" ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಮಗೆ ಬಂದಿರುವ ಜಲಚಕ್ರದ ಕನ್ನಡ ವೀಡಿಯೊದಲ್ಲಿ ಮೊದಲು ಕಾಣುವುದು ಬಿಳಿಯ ಶಿಖರ. ಅದರಿಂದ ಇಳಿದ ನೀರು ಪೈನ್ ಮರಗಳ ನಡುವೆ ಹರಿದು ನೀಲಿ ಸಮುದ್ರ ಸೇರುತ್ತದೆ. ಧ್ವನಿ ಕನ್ನಡದ್ದು, ಉಳಿದದ್ದೆಲ್ಲ ಬೇರೆಲ್ಲಿಯದೋ. ಅದನ್ನು ತಯಾರಿಸಿದವರ ಹೆಸರು ಹೇಳುವುದಿಲ್ಲ. ಅವರೊಬ್ಬರ ಕೆಲಸವಷ್ಟೇ ಹೀಗಿದ್ದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ವೇದಾವತಿಗೆ ಹಿಮದ ನೀರು ಬರುವುದಿಲ್ಲ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಮಳೆ ಬಿದ್ದರೆ ವೇದಾ ಹರಿಯುತ್ತದೆ, ಅವತಿ ಹರಿಯುತ್ತದೆ. ಎರಡೂ ಕಡೂರಿನ ಕಡೆ ಕೂಡಿ ವೇದಾವತಿಯಾಗಿ ಹಿರಿಯೂರಿಗೆ ಬರುತ್ತವೆ. ದಾರಿಯ ಕೆರೆಗಳು ತುಂಬಿ ಮಿಕ್ಕ ನೀರು ನಮಗೆ. ಮುಂದೆ ಅದೇ ಹೊಳೆ ಹಗರಿ ಎನಿಸಿಕೊಂಡು ತುಂಗಭದ್ರೆಯನ್ನೂ ಅದರ ಮೂಲಕ ಕೃಷ್ಣೆಯನ್ನೂ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇಡೀ ಜಲಚಕ್ರ ಇಲ್ಲಿಯೇ ಇದೆ. ಒಂದು ಜಿಲ್ಲಾ ನಕ್ಷೆ, ಒಂದು ಸೀಮೆಸುಣ್ಣ ಸಾಕು.

ವಾಣಿ ವಿಲಾಸ ಸಾಗರದ ಚರಿತ್ರೆಯೇ ಒಂದು ದೊಡ್ಡ ಪಾಠ. ನಮ್ಮ ಹಿರಿಯರ ಬಾಯಲ್ಲಿ ಇದು ಈಗಲೂ ಮಾರಿಕಣಿವೆ. ಅಣೆಕಟ್ಟು ಮುಗಿದದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 2022ರ ಸೆಪ್ಟೆಂಬರ್‌ವರೆಗೆ, ಅಂದರೆ 89 ವರ್ಷ, ಕೋಡಿ ಕಾಣಲೇ ಇಲ್ಲ. ಆ ದಿನ ಜನ ಹೇಗೆ ಹರಿದು ಬಂದರೆಂದು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಕಣ್ಣೊರೆಸಿಕೊಂಡ ಮುದುಕರನ್ನು ನಾನೇ ನೋಡಿದೆ. 89 ವರ್ಷ ಏಕೆ ತುಂಬಲಿಲ್ಲ? ಮೇಲಿನ ಕೆರೆಗಳಲ್ಲಿ ಎಷ್ಟು ನಿಂತಿತು? ಬಿಸಿಲಿಗೆ ಎಷ್ಟು ಆವಿಯಾಯಿತು? ಕೊಳವೆ ಬಾವಿಗಳು ಎಷ್ಟು ಎಳೆದುಕೊಂಡವು? ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಮೇಲೆತ್ತಿದ ನೀರು ಈ ಲೆಕ್ಕವನ್ನು ಹೇಗೆ ಬದಲಿಸಿತು? ಆವೀಕರಣ, ಅಂತರ್ಜಲ, ಜಲಾನಯನ ಎಂದು ಪಠ್ಯದಲ್ಲಿ ಇರುವುದೆಲ್ಲ ಈ ಪ್ರಶ್ನೆಗಳೊಳಗೇ ಇದೆ. ಇಷ್ಟನ್ನು ಕಣ್ಣೆದುರಿಗೆ ಇಟ್ಟುಕೊಂಡ ಮಗುವಿಗೆ ನಾವು ಪೈನ್ ಮರ ತೋರಿಸುತ್ತಿದ್ದೇವೆ. ನನಗೆ ಕೋಪ ಬರದೆ ಇನ್ನೇನು ಬರಬೇಕು?

ಮಳೆಗಾಲದ ಪಾಠವೂ ಹೀಗೆಯೇ. ಜೂನ್‌ನಲ್ಲಿ ಮುಂಗಾರು ಬಂತು, ಹೊಳೆ ತುಂಬಿತು ಎಂದು ಮುಗಿಸುತ್ತಾರೆ. ಆಗುಂಬೆಯಲ್ಲಿ ಸರಿ, ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸಿನಲ್ಲಿ ಮಳೆಯಾಗುತ್ತದೆ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಬೀಳುವುದು ಅದರ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಅದರಲ್ಲೂ ನಂಬಬಹುದಾದ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎಂದು ಆ ಮಳೆಗಳನ್ನು ಹೆಸರಿಟ್ಟು ಕರೆಯುವ ಅಜ್ಜಿ ಪ್ರತಿ ಮಗುವಿನ ಮನೆಯಲ್ಲಿದ್ದಾರೆ. ಶಾಲೆಗೆ ಬರುವಾಗ ಆ ತಿಳಿವಳಿಕೆಯನ್ನು ಹೊರಗೇ ಬಿಟ್ಟು ಬರಬೇಕೆಂದು ನಮ್ಮ ಡಿಜಿಟಲ್ ಪಾಠಗಳು ಮಕ್ಕಳಿಗೆ ಕಲಿಸುತ್ತಿವೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಾನು ಓದಿದ್ದೂ ಕನ್ನಡ ಮಾಧ್ಯಮದಲ್ಲಿ, ಇದೇ ಬಯಲುಸೀಮೆಯಲ್ಲಿ. ನಮ್ಮ ತಂದೆ ಕುರಿ ಸಾಕಿ ನನ್ನನ್ನು ಓದಿಸಿದವರು. ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಯಾವ ಕುರಿ ಯಾವ ರೋಗಕ್ಕೆ ಮಂಕಾಗುತ್ತದೆ ಎಂದು ಅವರಿಗೆ ಗೊತ್ತಿದ್ದಷ್ಟು ನನಗೆ ಇಂದಿಗೂ ಗೊತ್ತಿಲ್ಲ. ಆದರೂ ಕಾಲೇಜಿನಲ್ಲಿ ಯಾರಾದರೂ ತಂದೆಯ ಕೆಲಸ ಕೇಳಿದರೆ ನನ್ನ ಗಂಟಲು ಕಟ್ಟುತ್ತಿತ್ತು. ಹತ್ತಾರು ವರ್ಷ ಓದಿದ ಪುಸ್ತಕಗಳಲ್ಲಿ ಅವರಂಥವರು ಎಲ್ಲಿಯೂ ಇರಲಿಲ್ಲ. ಆ ಸಂಕಟ ನನ್ನ ತಲೆಮಾರಿಗೆ ಮುಗಿಯಲಿ ಎಂದುಕೊಂಡಿದ್ದೆ. ಈಗ ಅದು ಹೊಸ ಪರದೆಯ ಮೇಲೆ, ಉಚಿತವಾಗಿ, ಬಣ್ಣಬಣ್ಣವಾಗಿ ಬರುತ್ತಿದೆ.

ಉಚಿತ ಎಂದೆನಲ್ಲ, ನನ್ನ ತಕರಾರಿನ ಬೇರು ಅಲ್ಲಿಯೇ ಇದೆ. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಮಾತು 2002ರಲ್ಲಿ ಯುನೆಸ್ಕೊ ಸಭೆಯಲ್ಲಿ ಬಳಕೆಗೆ ಬಂದಾಗ ಅದರ ಹಿಂದೆ ಇದ್ದ ಆಸೆ ದೊಡ್ಡದು. ಪುಕ್ಕಟೆ ಕೊಡುವುದು ಅದರ ಒಂದು ಭಾಗ ಮಾತ್ರ. ಸಾಮಗ್ರಿಯನ್ನು ಇಟ್ಟುಕೊಳ್ಳುವ, ಬಳಸುವ, ತಿದ್ದುವ, ಬೇರೆಯದರೊಂದಿಗೆ ಬೆರೆಸುವ, ಮತ್ತೆ ಹಂಚುವ ಹಕ್ಕು ಕಲಿಸುವವರಿಗೆ ಸಿಗಬೇಕು. ಸ್ಥಳೀಯ ಭಾಷೆ, ಸ್ಥಳೀಯ ಸಂಸ್ಕೃತಿಗೆ ಹೊಂದುವ ಸಾಮಗ್ರಿ ಬೇಕೆಂದು 2019ರ ಯುನೆಸ್ಕೊ ಶಿಫಾರಸಿನಲ್ಲಿಯೂ ಇದೆ. ಆ ಹಕ್ಕುಗಳಲ್ಲಿ ನನಗೆ ಬೇಕಾದದ್ದು ತಿದ್ದುವ ಹಕ್ಕು. ಆ ಹಿಮಶಿಖರವನ್ನು ತೆಗೆದು ಬಾಬಾಬುಡನ್‌ಗಿರಿಯನ್ನು ಇಡುವ ಹಕ್ಕು.

ನನ್ನ ಕೈಗೆ ಬರುವುದು ಏನು? ಚಿತ್ರ, ಅಕ್ಷರ, ಧ್ವನಿ ಎಲ್ಲ ಅಂಟಿಕೊಂಡ ವೀಡಿಯೊ. ಮೂಲ ಕಡತ ಕೊಡುವುದಿಲ್ಲ. ಇಲ್ಲವಾದರೆ ಪಿಡಿಎಫ್. ಅದರಿಂದ ಒಂದು ಪ್ಯಾರಾ ನಕಲು ಮಾಡಿದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ, ಏಕೆಂದರೆ ಇಂದಿಗೂ ಎಷ್ಟೋ ಕಡತಗಳು ಎಲ್ಲ ಕಂಪ್ಯೂಟರುಗಳೂ ಓದುವ ಏಕರೂಪದ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಇಲ್ಲ. ಹುಡುಕಿದರೂ ಸಿಗುವುದಿಲ್ಲ. ಕೆಲವದರ ಕೊನೆಯಲ್ಲಿ ಬಳಸುವ, ಹಂಚುವ ಷರತ್ತುಗಳನ್ನು ಹೇಳುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಗುರುತು ಇರುತ್ತದೆ. ಸಂತೋಷದಿಂದ ಹತ್ತಿರ ಹೋಗಿ ನೋಡಿದರೆ 'ಎನ್‌ಡಿ' ಎಂಬ ಎರಡಕ್ಷರ. ಅಂದರೆ ತಿದ್ದಿದ ರೂಪವನ್ನು ಹಂಚುವಂತಿಲ್ಲ. ಆ ಪರವಾನಗಿಯಲ್ಲಿ ಅನುವಾದವೂ ತಿದ್ದುಪಡಿಯೇ, ಹಾಗಾಗಿ ಕನ್ನಡಕ್ಕೆ ತಂದು ಹಂಚುವುದಕ್ಕೂ ಬೇರೆ ಅನುಮತಿ ಬೇಕು. ಓದುವುದಕ್ಕೆ ಬಾಗಿಲು ತೆರೆದಿದೆ, ಕಲಿಸುವವರ ಕೈ ಮಾತ್ರ ಕಟ್ಟಿದೆ.

ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದರು: "ವಿಜ್ಞಾನಕ್ಕೆ ಊರಿಲ್ಲ ಮೇಡಂ. ಹಳ್ಳಿಯದನ್ನೇ ಕಲಿಸುತ್ತಾ ಕುಳಿತರೆ ನಾಳೆ ನೀಟ್ ಪರೀಕ್ಷೆಯಲ್ಲಿ ಮಕ್ಕಳು ಏನು ಮಾಡುತ್ತಾರೆ?" ನಿಯಮಕ್ಕೆ ಊರಿಲ್ಲ, ಒಪ್ಪುತ್ತೇನೆ. ಉದಾಹರಣೆಗೆ ಊರಿದೆ. ಆ ವೀಡಿಯೊ ಮಾಡಿದವರು ತಮ್ಮ ಊರಿನ ಬೆಟ್ಟ, ತಮ್ಮ ಊರಿನ ಮರವನ್ನೇ ಇಟ್ಟುಕೊಂಡು ತಮ್ಮ ಮಕ್ಕಳಿಗೆ ಕಲಿಸಿದ್ದಾರೆ. ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ. ನಾವು ಅವರಿಂದ ಕಲಿಯಬೇಕಾಗಿದ್ದು ಅದನ್ನೇ. ಹಿಮನದಿಯ ಪಾಠ ಬೇಡವೆಂದು ನಾನು ಹೇಳಿಲ್ಲ. ವೇದಾವತಿ ಅರ್ಥವಾದ ಹುಡುಗಿಗೆ ಗಂಗೆ ಬೇಗ ಅರ್ಥವಾಗುತ್ತದೆ. ತನ್ನ ಊರಿನ ನೀರಿನ ಬಗ್ಗೆಯೇ ತಪ್ಪು ಉತ್ತರ ಬರೆಯುವ ಮಗು ನೀಟ್‌ನಲ್ಲಿ ಏನು ಗೆದ್ದೀತು?

"ಹೆಸರುಗಳನ್ನು ಬದಲಿಸಿದ್ದೇವಲ್ಲ" ಎನ್ನುವವರೂ ಇದ್ದಾರೆ. ಜಾನ್ ಹೋಗಿ ರಾಜು ಬಂದ, ಸೇಬು ಹೋಗಿ ಮಾವಿನಹಣ್ಣು ಬಂತು. ಅಷ್ಟರಿಂದ ಪಾಠ ನಮ್ಮದಾಗುವುದಿಲ್ಲ. ರಾಜು ಹಿಮದ ಹೊಳೆಯ ದಡದಲ್ಲಿಯೇ ನಿಂತಿದ್ದಾನೆ. ಈಗಂತೂ ಯಂತ್ರವೇ ಅನುವಾದಿಸಿ ಯಂತ್ರವೇ ಕನ್ನಡದಲ್ಲಿ ಮಾತಾಡಿಬಿಡುತ್ತದೆ. ಒಂದು ವರ್ಷದ ಕೆಲಸ ಒಂದು ವಾರದಲ್ಲಿ ಮುಗಿಯಬಹುದು. ಪಾಠವನ್ನು ಯಾರ ಊರಿನಿಂದ ಆರಂಭಿಸಬೇಕೆಂದು ಯಾರೂ ಕೂತು ಯೋಚಿಸದಿದ್ದರೆ ಅದೇ ಶಿಖರ ಇನ್ನೂ ಬೇಗ ಇನ್ನೂ ಹೆಚ್ಚು ಮಕ್ಕಳನ್ನು ತಲುಪುತ್ತದೆ.

ನಮ್ಮಿಂದ ಆಗದ ಕೆಲಸವೇನೂ ಅಲ್ಲ ಇದು. ನಮ್ಮದೇ ರಾಜ್ಯದಲ್ಲಿ 2013ರಲ್ಲಿ ಆರಂಭವಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಪಾಠ ಬರೆದರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬೆಳೆಸಿದರು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆ ಸುದ್ದಿ ಓದಿದಾಗ ಆದ ಸಂತೋಷ ನನಗಿನ್ನೂ ನೆನಪಿದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಯನ್ನು ಯಾರು ಬೇಕಾದರೂ ತಮ್ಮ ನುಡಿಗೆ ತಂದು ಮತ್ತೆ ಪ್ರಕಟಿಸಬಹುದು. ದಾರಿ ಇದೆ. ಬೇಕಾದದ್ದು ಸಮಯ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕದ ನಡುವೆ ಶಿಕ್ಷಕರು ಪಾಠ ತಿದ್ದುವುದು ಯಾವಾಗ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನನ್ನಲ್ಲಿರುವುದು ಒಂದೇ ಉತ್ತರ: ಡಬ್ಬಿಂಗ್‌ಗೆ ಖರ್ಚಾಗುವ ಹಣದಲ್ಲಿ ಒಂದಿಷ್ಟನ್ನು ತಾಲ್ಲೂಕಿನ ನಾಲ್ಕು ಶಿಕ್ಷಕರನ್ನು ಬೇಸಿಗೆಯಲ್ಲಿ ಒಟ್ಟಿಗೆ ಕೂರಿಸಿ ಕೆಲಸ ಮಾಡಿಸುವುದಕ್ಕೆ ಕೊಡಿ. ಪುಣ್ಯದ ಕೆಲಸವೆಂದು ಪುಕ್ಕಟೆ ಮಾಡಿಸಬೇಡಿ, ಸಂಭಾವನೆ ಕೊಟ್ಟು ಮಾಡಿಸಿ.

ನಾನು ವೇದಾವತಿಯ ಪಾಠವನ್ನು ಬರೆಯಲು ಆರಂಭಿಸಿದ್ದೇನೆ. ಯುನಿಕೋಡ್‌ನಲ್ಲಿ, ತಿದ್ದಬಹುದಾದ ಸ್ಲೈಡುಗಳಲ್ಲಿ, ಮೂಲ ಬರೆದವರ ಹೆಸರು ಹೇಳಿ ಅದೇ ಷರತ್ತಿನಲ್ಲಿ ಯಾರು ಬೇಕಾದರೂ ತಿದ್ದಿ ಹಂಚಬಹುದಾದ 'ಬಿವೈ-ಎಸ್‌ಎ' ಪರವಾನಗಿಯಲ್ಲಿ ಹಾಕುತ್ತೇನೆ. ಕಾರವಾರದವರು ವೇದಾವತಿಯನ್ನು ತೆಗೆದು ಕಾಳಿಯನ್ನು ಇಡಲಿ, ಕಲಬುರಗಿಯವರು ಭೀಮೆಯನ್ನು ಇಡಲಿ, ನನ್ನನ್ನು ಕೇಳುವ ಅಗತ್ಯವಿಲ್ಲ. 2022ರಲ್ಲಿ ಕೋಡಿ ಬಿದ್ದಾಗ ನೀವೇ ತೆಗೆದ ಚಿತ್ರಗಳಿದ್ದರೆ, ಅದೇ ಪರವಾನಗಿಗೆ ಒಪ್ಪಿಗೆ ಇದ್ದರೆ, ಇನ್‌ಬಾಕ್ಸ್‌ಗೆ ಕಳುಹಿಸಿ. ಎಲ್ಲಿ ನಿಂತು, ಯಾವ ದಿನ ತೆಗೆದದ್ದು ಎಂದು ಬರೆಯಿರಿ. ಕಡೂರು, ಹೊಸದುರ್ಗದ ಕಡೆಯ ಸ್ನೇಹಿತರು ನಿಮ್ಮ ಊರಿನ ಕೆರೆಗಳ ಚಿತ್ರಗಳನ್ನೂ ಕಳುಹಿಸಿ. ಹೊಳೆಯ ಮೇಲ್ಭಾಗದ್ದು ನನ್ನ ಬಳಿ ಒಂದೂ ಇಲ್ಲ.